ಲಿಂಕ್ ಹಂಚಿದಾಗ ಚಿತ್ರ ಕೈಕೊಡುತ್ತಿದೆಯೇ? ದೋಷ ಹುಡುಕುವ ಬಗೆ

ಲೇಖನ ಮುಗಿದಿದೆ, ಅದಕ್ಕೊಂದು ಚೆಂದದ ಚಿತ್ರವೂ ಆಗಿದೆ. ಲಿಂಕನ್ನು ವಾಟ್ಸ್‌ಆ್ಯಪ್‌ಗೆ ಹಾಕಿದರೆ ಚಿತ್ರವೇ ಬರುವುದಿಲ್ಲ. ಫೇಸ್‌ಬುಕ್‌ನಲ್ಲಿ ಬರುತ್ತದೆ, ಆದರೆ ಅಕ್ಷರಗಳ ಅರ್ಧ ಭಾಗ ಕತ್ತರಿಸಿಹೋಗಿರುತ್ತದೆ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮೊದಲು ಕೈಹಾಕುವುದು ಚಿತ್ರಕ್ಕೇ. ಬಣ್ಣ ಬದಲಿಸುತ್ತಾರೆ, ಲೋಗೋ ದೊಡ್ಡದು ಮಾಡುತ್ತಾರೆ, ಕೊನೆಗೆ ಪೂರ್ತಿ ಹೊಸದಾಗಿ ಮಾಡುತ್ತಾರೆ. ತೊಂದರೆ ಮಾತ್ರ ಹಾಗೇ ಉಳಿಯುತ್ತದೆ. ಎಷ್ಟೋ ಸಲ ಚಿತ್ರದಲ್ಲಿ ಏನೂ ಕೆಟ್ಟಿರುವುದೇ ಇಲ್ಲ.

ದೋಷ ಮೂರು ಕಡೆ ಇರಬಹುದು: ಚಿತ್ರದ ಫೈಲ್‌ನಲ್ಲಿ ಅಥವಾ ಅದನ್ನು ಇಟ್ಟಿರುವ ಸರ್ವರ್‌ನಲ್ಲಿ, ‘ಈ ಲೇಖನಕ್ಕೆ ಇದೇ ಚಿತ್ರ’ ಎಂದು ಹೇಳುವ ಪುಟದ ಕೋಡ್‌ನಲ್ಲಿ, ಇಲ್ಲವೇ ಅದನ್ನು ತೋರಿಸುವ ಆ್ಯಪ್‌ನಲ್ಲಿ. ಎಲ್ಲಿದೆ ಎಂದು ಗೊತ್ತಾಗುವವರೆಗೆ ಏನನ್ನೂ ತಿದ್ದಬೇಡಿ. ಒಂದೇ ಸಲಕ್ಕೆ ಎರಡು ವಿಷಯ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದೇ ಇಲ್ಲ. ಮುಂದಿನ ಸಲ ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತೀರಿ.

ಮೊದಲು ಎರಡು ಪರೀಕ್ಷೆ

ಚಿತ್ರದ ವಿಳಾಸ ಕಾಪಿ ಮಾಡಿ, ಫೋನಿನ ಬ್ರೌಸರ್‌ನಲ್ಲಿ ಖಾಸಗಿ ವಿಂಡೋ ತೆರೆದು ಅಲ್ಲಿ ಅಂಟಿಸಿ. ಖಾಸಗಿ ವಿಂಡೋ ಯಾಕೆಂದರೆ, ನೀವು ಲಾಗಿನ್ ಆಗಿರುವ ಕಡೆ ನಿಮಗೆ ಮಾತ್ರ ಕಾಣುವ ಚಿತ್ರವೂ ಸಲೀಸಾಗಿ ತೆರೆದುಕೊಳ್ಳುತ್ತದೆ. ಹೊರಗಿನವರಿಗೆ ಏನು ಕಾಣುತ್ತದೆ ಎನ್ನುವುದು ನಮಗೆ ಬೇಕು. ಅಲ್ಲಿ ತೆರೆಯದಿದ್ದರೆ ದೋಷ ಸರ್ವರ್‌ನದ್ದು ಅಥವಾ ಅನುಮತಿಯದ್ದು. ತೆರೆದರೂ ಮಸುಕಾಗಿದ್ದರೆ ಫೈಲ್‌ನದ್ದು.

ಚೆನ್ನಾಗಿ ಕಂಡರೆ, ಲೇಖನದ ಲಿಂಕನ್ನು ಎರಡು ಬೇರೆ ಬೇರೆ ಆ್ಯಪ್‌ಗಳಲ್ಲಿ ನಿಮಗೆ ನೀವೇ ಕಳಿಸಿಕೊಳ್ಳಿ. ಎರಡರಲ್ಲೂ ಕೆಟ್ಟಿದ್ದರೆ ಪುಟದ ಕೋಡ್ ನೋಡಬೇಕು. ಒಂದರಲ್ಲಿ ಮಾತ್ರ ಕೆಟ್ಟಿದ್ದರೆ ಆ ಆ್ಯಪ್‌ನ ನಿಯಮ ಅಡ್ಡ ಬಂದಿದೆ, ಇಲ್ಲವೇ ಅದು ಹಳೆಯ ಪ್ರತಿಯನ್ನು ಇಟ್ಟುಕೊಂಡಿದೆ.

ಎಲ್ಲ ಕಡೆ ಸರಿಯಾಗಿಯೇ ಬರುತ್ತಿದೆ, ಆದರೂ ಅದು ನಿಮ್ಮದು ಎಂದು ಯಾರೂ ಗುರುತಿಸುತ್ತಿಲ್ಲ ಎಂದಾದರೆ ಅದು ಬೇರೆಯೇ ಬಗೆಯ ದೋಷ. ಅದಕ್ಕೆ ಆಮೇಲೆ ಬರುತ್ತೇನೆ. ನನ್ನ ಪ್ರಕಾರ ಜಾಸ್ತಿ ಯೋಚನೆ ಬೇಕಿರುವುದು ಅದಕ್ಕೇ.

ಚಿತ್ರವೇ ಬರುತ್ತಿಲ್ಲ

ಲಿಂಕ್ ಜೊತೆ ಕಾಣುವ ಚೌಕಟ್ಟನ್ನು ಪ್ರಿವ್ಯೂ ಕಾರ್ಡ್ ಎನ್ನುತ್ತಾರೆ. ಪುಟದ ತಲೆಭಾಗದಲ್ಲಿ, ಓದುಗರಿಗೆ ಕಾಣದಂತೆ, ಪುಟದ ಬಗ್ಗೆ ಮಾಹಿತಿ ಹೇಳುವ ಕೆಲವು ಕೋಡ್ ಸಾಲುಗಳು, ಅಂದರೆ ಮೆಟಾ ಟ್ಯಾಗ್‌ಗಳು, ಇರುತ್ತವೆ. ಕಾರ್ಡ್ ತಯಾರಾಗುವುದು ಅವುಗಳನ್ನು ಓದಿ. ಚಿತ್ರಕ್ಕೆ ಸಂಬಂಧಿಸಿದ ಟ್ಯಾಗ್ ‘ಓಜಿ:ಇಮೇಜ್’ (og:image). ಫೇಸ್‌ಬುಕ್ 2010ರಲ್ಲಿ ತಂದ ಓಪನ್ ಗ್ರಾಫ್ ಪದ್ಧತಿಯ ಭಾಗ ಇದು. ಈಗ ವಾಟ್ಸ್‌ಆ್ಯಪ್, ಲಿಂಕ್ಡ್‌ಇನ್, ಟೆಲಿಗ್ರಾಂ ಕೂಡ ಇದನ್ನೇ ಓದುತ್ತವೆ.

ಕಂಪ್ಯೂಟರ್‌ನಲ್ಲಿ ಪುಟ ತೆರೆದು ‘ವ್ಯೂ ಪೇಜ್ ಸೋರ್ಸ್’ ಒತ್ತಿ ಈ ಟ್ಯಾಗ್ ಹುಡುಕಿ. ಇಲ್ಲದಿದ್ದರೆ ಕಾರಣ ಅಲ್ಲೇ ಸಿಕ್ಕಿತು. ಎರಡು ಸಲ ಇದ್ದರೂ ತೊಂದರೆಯೇ. ತಾಣದ ವಿನ್ಯಾಸವಾದ ಥೀಮ್ ಒಂದು ಟ್ಯಾಗ್ ಬರೆದಿರುತ್ತದೆ, ತಾಣಕ್ಕೆ ಸೇರಿಸಿಕೊಂಡ ಪ್ಲಗಿನ್ ಇನ್ನೊಂದು ಬರೆದಿರುತ್ತದೆ, ಆ್ಯಪ್‌ಗಳು ತಮಗೆ ತೋಚಿದ್ದನ್ನು ಎತ್ತಿಕೊಳ್ಳುತ್ತವೆ. ಯಾವುದಾದರೂ ಒಂದನ್ನು ನಿಲ್ಲಿಸಿ. ಇನ್ನು ಟ್ಯಾಗ್ ಒಂದೇ ಇದೆ ಎಂದಾದರೆ ಅದರೊಳಗಿನ ವಿಳಾಸ ಪೂರ್ತಿ ಇದೆಯೇ ನೋಡಿ. ‘ಎಚ್‌ಟಿಟಿಪಿಎಸ್’ನಿಂದ ಶುರುವಾಗಬೇಕು. ಬರೀ ಫೋಲ್ಡರ್ ಹೆಸರಿನಿಂದ ಶುರುವಾಗುವ ಅರ್ಧ ವಿಳಾಸ ನಿಮ್ಮ ಪುಟದೊಳಗೆ ಕೆಲಸ ಮಾಡುತ್ತದೆ, ಹೊರಗೆ ಅದಕ್ಕೆ ಅರ್ಥವಿಲ್ಲ.

ಒಂದು ಸಂದರ್ಭ ಬಹಳ ಜನರ ತಲೆ ತಿನ್ನುತ್ತದೆ. ‘ಇನ್‌ಸ್ಪೆಕ್ಟ್’ ಒತ್ತಿ ನೋಡಿದರೆ ಟ್ಯಾಗ್ ಕಾಣುತ್ತದೆ, ಪೇಜ್ ಸೋರ್ಸ್‌ನಲ್ಲಿ ಕಾಣುವುದಿಲ್ಲ. ಹಾಗಿದ್ದರೆ ಆ ಟ್ಯಾಗನ್ನು ಪುಟ ತೆರೆದ ಮೇಲೆ ಜಾವಾಸ್ಕ್ರಿಪ್ಟ್ ಸೇರಿಸುತ್ತಿದೆ ಎಂದರ್ಥ. ಪ್ರಿವ್ಯೂ ತಯಾರಿಸಲು ಪುಟಗಳನ್ನು ತಾವಾಗಿಯೇ ಓದುವ ಪ್ರೋಗ್ರಾಂಗಳು, ಅಂದರೆ ಬಾಟ್‌ಗಳು, ಸಾಮಾನ್ಯವಾಗಿ ಜಾವಾಸ್ಕ್ರಿಪ್ಟ್ ನಡೆಸುವುದಿಲ್ಲ. ಸರ್ವರ್ ಮೊದಲು ಕಳಿಸಿದ್ದನ್ನು ಮಾತ್ರ ಓದಿ ಹೊರಟುಹೋಗುತ್ತವೆ. ಟ್ಯಾಗ್ ಆ ಮೊದಲ ಕಳಿಸುವಿಕೆಯಲ್ಲೇ ಇರಬೇಕು.

ಫೇಸ್‌ಬುಕ್‌ನಲ್ಲಿ ಬರುತ್ತದೆ, ವಾಟ್ಸ್‌ಆ್ಯಪ್‌ನಲ್ಲಿ ಬರುವುದಿಲ್ಲ ಎಂಬುದು ಇನ್ನೊಂದು ಸಾಮಾನ್ಯ ದೂರು. ಫೈಲ್‌ನ ತೂಕ ನೋಡಿ. ಫೇಸ್‌ಬುಕ್ 8 ಎಂಬಿವರೆಗೆ ಒಪ್ಪುತ್ತದೆ. ವಾಟ್ಸ್‌ಆ್ಯಪ್‌ಗೆ 600 ಕೆಬಿ ಒಳಗಿರಬೇಕು. ನಾನಂತೂ 300 ಕೆಬಿ ದಾಟಿಸಬೇಡಿ ಎಂದೇ ಹೇಳುತ್ತೇನೆ, ಈ ಅಳತೆಯ ಚಿತ್ರಕ್ಕೆ ಅಷ್ಟು ಧಾರಾಳ ಸಾಕು. ಫೈಲ್‌ನ ಬಗೆಯೂ ಮುಖ್ಯ. ಎಸ್‌ವಿಜಿ ಚಿತ್ರ ಪುಟದಲ್ಲಿ ಚೂಪಾಗಿ ಕಾಣುತ್ತದೆ, ಕಾರ್ಡ್‌ನಲ್ಲಿ ಬರುವುದಿಲ್ಲ. ಪ್ರಿವ್ಯೂಗೆ ಜೆಪೆಗ್ ಅಥವಾ ಪಿಎನ್‌ಜಿ ಇಟ್ಟುಕೊಳ್ಳಿ. ಪುಟದೊಳಗೆ ವೆಬ್‌ಪಿ, ಎವಿಐಎಫ್ ಯಾವುದನ್ನಾದರೂ ಬಳಸಿಕೊಳ್ಳಿ.

ವಾಟ್ಸ್‌ಆ್ಯಪ್ ಬಗ್ಗೆ ಇನ್ನೊಂದು ಮಾತು. ಅಲ್ಲಿ ಪ್ರಿವ್ಯೂ ತಯಾರಾಗುವುದು ಕಳಿಸುವವರ ಫೋನಿನಲ್ಲಿ. ಲಿಂಕ್ ಅಂಟಿಸಿ, ಕಾರ್ಡ್ ಮೂಡುವ ಮೊದಲೇ ಕಳಿಸುವ ಬಟನ್ ಒತ್ತಿದರೆ ಸುಮ್ನೆ ಬೋಳು ಲಿಂಕ್ ಹೋಗುತ್ತದೆ. ನೆಟ್‌ವರ್ಕ್ ನಿಧಾನ ಇದ್ದರೂ ಅಷ್ಟೇ. ‘ನನಗೆ ಚಿತ್ರ ಬರಲಿಲ್ಲ’ ಎಂದು ಯಾರೋ ಒಬ್ಬರು ಹೇಳಿದ ಮಾತ್ರಕ್ಕೆ ಕೋಡ್ ತಿದ್ದಲು ಹೋಗಬೇಡಿ. ಒಂದೆರಡು ಸೆಕೆಂಡ್ ಕಾದು ನೀವೇ ಕಳಿಸಿ ನೋಡಿ.

ಇದೆಲ್ಲ ಸರಿ ಇದ್ದರೂ ಬರುತ್ತಿಲ್ಲವೇ? ಬಾಟ್‌ಗಳನ್ನು ತಡೆಯುವ ‘ರೋಬಾಟ್ಸ್’ (robots.txt) ಫೈಲ್ ನೋಡಿ. ಹೊರಗಿನ ತಾಣಗಳು ನಿಮ್ಮ ಚಿತ್ರ ಎಳೆದುಕೊಳ್ಳದಂತೆ ಹಾಕಿದ ಹಾಟ್‌ಲಿಂಕ್ ತಡೆಯನ್ನೂ ನೋಡಿ. ಕಳ್ಳರಿಗೆಂದು ಹಾಕಿದ ಬೀಗ ಪ್ರಿವ್ಯೂ ಬಾಟ್‌ಗಳನ್ನೂ ಹೊರಗಿಡುತ್ತದೆ. ಅವಕ್ಕೆ ಮಾತ್ರ ವಿನಾಯಿತಿ ಕೊಡಬಹುದು.

ಹಳೆಯ ಚಿತ್ರವೇ ಬರುತ್ತಿದೆ

ಆ್ಯಪ್‌ಗಳು ಒಮ್ಮೆ ಓದಿದ್ದನ್ನು ತಮ್ಮಲ್ಲಿ ಉಳಿಸಿಕೊಳ್ಳುತ್ತವೆ. ನೀವು ಚಿತ್ರ ಬದಲಿಸಿದ್ದು ಅವಕ್ಕೆ ತಿಳಿಯುವುದಿಲ್ಲ. ಫೇಸ್‌ಬುಕ್‌ಗೆ ‘ಶೇರಿಂಗ್ ಡಿಬಗರ್’ ಎಂಬ ಸಾಧನ ಇದೆ. ಲಿಂಕ್ ಹಾಕಿ ‘ಸ್ಕ್ರೇಪ್ ಅಗೇನ್’ ಒತ್ತಿದರೆ ಹೊಸದಾಗಿ ಓದಿಕೊಳ್ಳುತ್ತದೆ. ಲಿಂಕ್ಡ್‌ಇನ್‌ಗೆ ‘ಪೋಸ್ಟ್ ಇನ್‌ಸ್ಪೆಕ್ಟರ್’ ಇದೆ. ಇವೆರಡೂ ಬರೀ ತಾಜಾ ಮಾಡುವ ಬಟನ್ ಅಲ್ಲ. ನಿಮ್ಮ ಪುಟದಲ್ಲಿ ಅವು ಏನನ್ನು ಓದಿದವು, ಎಲ್ಲಿ ಎಡವಿದವು ಎಂದೂ ಹೇಳುತ್ತವೆ. ಹಾಗಾಗಿ ಹಿಂದಿನ ದೋಷಕ್ಕೂ ಇವು ಉಪಯೋಗಕ್ಕೆ ಬರುತ್ತವೆ.

ವಾಟ್ಸ್‌ಆ್ಯಪ್‌ಗೆ ಇಂಥ ಸಾಧನ ಇಲ್ಲ. ಅಲ್ಲಿಗೂ ಎಲ್ಲ ಕಡೆಗೂ ಹೊಂದುವ ಉಪಾಯ ಇದು: ಹೊಸ ಚಿತ್ರವನ್ನು ಹಳೆಯ ಹೆಸರಿನಲ್ಲೇ ಏರಿಸಬೇಡಿ. ಹೊಸ ಹೆಸರು ಕೊಡಿ, ಟ್ಯಾಗ್‌ನಲ್ಲೂ ಬದಲಿಸಿ. ವಿಳಾಸ ಬದಲಾದರೆ, ಆ್ಯಪ್ ಪುಟವನ್ನು ಮತ್ತೆ ಓದಿದಾಗ ಉಳಿಸಿಟ್ಟ ಹಳೆಯ ಚಿತ್ರ ಬಳಕೆಗೆ ಬರುವುದಿಲ್ಲ. ಈಗಾಗಲೇ ಕಳಿಸಿಯಾದ ವಾಟ್ಸ್‌ಆ್ಯಪ್ ಸಂದೇಶಗಳಲ್ಲಿ ಮಾತ್ರ ಹಳೆಯದೇ ಇರುತ್ತದೆ, ಪ್ರಿವ್ಯೂ ಸಂದೇಶದ ಜೊತೆಯಲ್ಲೇ ಹೋಗಿಬಿಟ್ಟಿರುತ್ತದೆ.

ಅಂಚು ಕತ್ತರಿಸುತ್ತಿದೆ

ಫೇಸ್‌ಬುಕ್, ಲಿಂಕ್ಡ್‌ಇನ್‌ಗಳ ದೊಡ್ಡ ಕಾರ್ಡ್ ಸುಮಾರು 1.91:1 ಅಳತೆಯದು. ಅದಕ್ಕೆ 1200×630 ಪಿಕ್ಸೆಲ್ ಹೊಂದುತ್ತದೆ. ಎಕ್ಸ್‌ನ (ಹಿಂದಿನ ಟ್ವಿಟರ್) ದೊಡ್ಡ ಕಾರ್ಡ್‌ಗೆ ಹೇಳಿರುವುದು 2:1. ಅದೇ ಚಿತ್ರ ಅಲ್ಲಿಗೆ ಹೋದರೆ ಮೇಲೆ ಕೆಳಗೆ ತಲಾ 15 ಪಿಕ್ಸೆಲ್ ಹೋಗುತ್ತದೆ, ಅಷ್ಟೇನೂ ದೊಡ್ಡ ನಷ್ಟ ಅಲ್ಲ. ನಿಜವಾದ ಪೆಟ್ಟು ಬೀಳುವುದು ಚೌಕಾಕಾರದ ಸಣ್ಣ ಕಾರ್ಡ್‌ನಲ್ಲಿ. ಆಗ ಎಡಬಲದಲ್ಲಿ ಹೆಚ್ಚುಕಡಿಮೆ ಅರ್ಧ ಚಿತ್ರ ಹೋಗಿ, ನಡುವಿನ 630×630 ಮಾತ್ರ ಉಳಿಯುತ್ತದೆ. ಮೂಲೆಯಲ್ಲಿ ಇಟ್ಟ ಲೋಗೋ ಮಾಯ.

ಆದ್ದರಿಂದ ಚಿತ್ರ ಮಾಡುವಾಗಲೇ ನಡುವೆ ಒಂದು ಚೌಕ ಎಳೆದುಕೊಳ್ಳಿ. ಮುಖ, ವಸ್ತು, ಅಕ್ಷರ, ಹೆಸರು, ಮುಖ್ಯವಾದ ಯಾವುದೂ ಆ ಚೌಕ ದಾಟಬಾರದು. ಅದರ ಆಚೆ ಬರೀ ಹಿನ್ನೆಲೆ ಇರಲಿ. ಮೊದಮೊದಲು ಕೈ ಕಟ್ಟಿಹಾಕಿದ ಹಾಗೆ ಅನಿಸುತ್ತದೆ. ಆದರೆ ಇದೊಂದು ಅಭ್ಯಾಸದಿಂದ ಕತ್ತರಿಸುವ ತೊಂದರೆ ಬಹುಪಾಲು ಮುಗಿಯುತ್ತದೆ.

ದೊಡ್ಡ ಕಾರ್ಡ್ ಬರಬೇಕಾದ ಕಡೆ ಸಣ್ಣದು ಬರುತ್ತಿದ್ದರೆ ಕಾರಣ ಬೇರೆ. ಫೇಸ್‌ಬುಕ್‌ನಲ್ಲಿ ಚಿತ್ರ 600×315ಕ್ಕಿಂತ ಚಿಕ್ಕದಿದ್ದರೆ ಸಣ್ಣ ಕಾರ್ಡ್ ಸಿಗುತ್ತದೆ. ಎಕ್ಸ್‌ನಲ್ಲಿ ‘ಟ್ವಿಟರ್:ಕಾರ್ಡ್’ (twitter:card) ಟ್ಯಾಗ್‌ನಲ್ಲಿ ‘ಸಮ್ಮರಿ’ (summary) ಎಂದಿದ್ದರೆ ಸಣ್ಣದು, ‘ಸಮ್ಮರಿ ಲಾರ್ಜ್ ಇಮೇಜ್’ (summary_large_image) ಎಂದಿದ್ದರೆ ದೊಡ್ಡದು. ಪಿಂಟ್ರೆಸ್ಟ್‌ಗೆ ಮಾತ್ರ ಉದ್ದನೆಯ 1000×1500 ಚಿತ್ರ ಬೇರೆಯಾಗಿಯೇ ಮಾಡಬೇಕು. ಅಡ್ಡ ಚಿತ್ರವನ್ನು ಅಲ್ಲಿಗೆ ತುರುಕಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಮಸುಕು

ಮೊದಲು ಟ್ಯಾಗ್‌ನಲ್ಲಿರುವ ಫೈಲ್‌ನ ಹೆಸರಿನ ಬಾಲ ನೋಡಿ. ತಾಣ ನಡೆಸುವ ತಂತ್ರಾಂಶವಾದ ವರ್ಡ್‌ಪ್ರೆಸ್‌ಗೆ ನೀವು ಒಂದು ಚಿತ್ರ ಏರಿಸಿದರೆ ಅದು ಹಲವು ಸಣ್ಣ ಪ್ರತಿಗಳನ್ನು ತಾನೇ ಮಾಡಿಕೊಳ್ಳುತ್ತದೆ. ಅವುಗಳ ಹೆಸರಿನ ಕೊನೆಗೆ 150×150, 300×158 ಎಂಬಂತೆ ಅಳತೆ ಸೇರಿರುತ್ತದೆ. ಅಂಥ ಪ್ರತಿ ಟ್ಯಾಗ್‌ಗೆ ಹೋಗಿದ್ದರೆ ಮಸುಕಾಗಲೇಬೇಕು. ಮೂಲ ಚಿತ್ರವನ್ನು ಸೂಚಿಸಿ, ಮುಗಿಯಿತು.

ಅಳತೆ ಸರಿ ಇದ್ದೂ ಅಕ್ಷರಗಳ ಸುತ್ತ ಕೊಳೆ ಕೂತ ಹಾಗೆ ಕಂಡರೆ ಅದು ಜೆಪೆಗ್‌ನ ಗುಣ. ಜೆಪೆಗ್ ಫೋಟೋಗಳಿಗೆಂದು ಹುಟ್ಟಿದ್ದು. ಬಣ್ಣದ ವಿವರಗಳನ್ನು ಬೆಳಕಿನ ವಿವರಗಳಿಗಿಂತ ಜಾಸ್ತಿ ಕಿತ್ತು ಹಾಕಿ ಅದು ಫೈಲ್ ಸಣ್ಣದು ಮಾಡುತ್ತದೆ. ಹಾಗಾಗಿ ಗಾಢ ಹಿನ್ನೆಲೆಯ ಮೇಲೆ ಕೆಂಪು ಅಕ್ಷರ ಇಟ್ಟರೆ ಅಂಚು ಕದಡುತ್ತದೆ. ಸಮತಟ್ಟು ಬಣ್ಣ, ಅಕ್ಷರ, ಗೆರೆಚಿತ್ರ ಇದ್ದರೆ ಪಿಎನ್‌ಜಿ ಬಳಸಿ. ಫೋಟೋ ಮೇಲೆ ಅಕ್ಷರ ಇದ್ದರೆ ಜೆಪೆಗ್‌ನ ಗುಣಮಟ್ಟ 80ರ ಮೇಲಿಡಿ. ಇನ್ನೊಂದು ಎಚ್ಚರಿಕೆ: ಜೆಪೆಗ್ ಅನ್ನು ತೆರೆದು, ತಿದ್ದಿ, ಮತ್ತೆ ಜೆಪೆಗ್ ಆಗಿ ಉಳಿಸಿದ ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಹಾಳಾಗುತ್ತದೆ. ಪದರಗಳಿರುವ ಮೂಲ ಫೈಲ್ ಕಾಪಾಡಿಕೊಳ್ಳಿ, ತಿದ್ದುವುದೆಲ್ಲ ಅದರಲ್ಲೇ ಆಗಲಿ.

ಅಕ್ಷರ ಓದಲಾಗುತ್ತಿಲ್ಲ

ಚಿತ್ರ ಮಾಡುವಾಗ ನಿಮ್ಮೆದುರು ದೊಡ್ಡ ಪರದೆ ಇರುತ್ತದೆ. ಓದುವವರ ಕೈಯಲ್ಲಿ ಫೋನ್. 1200 ಪಿಕ್ಸೆಲ್ ಅಗಲದ ಚಿತ್ರ ಫೋನಿನ ಪರದೆಯಲ್ಲಿ ಸುಮಾರು 360ರ ಅಗಲಕ್ಕೆ ಕುಗ್ಗುತ್ತದೆ. ನೀವು 40ರ ಅಳತೆಯಲ್ಲಿ ಬರೆದ ಅಕ್ಷರ ಅಲ್ಲಿ 12 ಆಗುತ್ತದೆ. ಸಣ್ಣ ಚೌಕದ ಕಾರ್ಡ್‌ನಲ್ಲಂತೂ ಅದು ಬರೀ ಚುಕ್ಕೆ. ಪರೀಕ್ಷೆ ಸುಲಭ: ಎಡಿಟರ್‌ನಲ್ಲಿ ಚಿತ್ರವನ್ನು ಶೇಕಡಾ 30ಕ್ಕೆ ಕುಗ್ಗಿಸಿ ನೋಡಿ. ಕಣ್ಣು ಕಿರಿದು ಮಾಡದೆ ಓದಲು ಆಗದಿದ್ದರೆ ಅಕ್ಷರ ದೊಡ್ಡದಾಗಬೇಕು, ಇಲ್ಲವೇ ಪದ ಕಡಿಮೆಯಾಗಬೇಕು.

ಪದ ಕಡಿಮೆ ಮಾಡುವುದೇ ಒಳ್ಳೆಯದು. ಹೆಚ್ಚಿನ ಆ್ಯಪ್‌ಗಳಲ್ಲಿ ಚಿತ್ರದ ಕೆಳಗೆ ಲೇಖನದ ಶೀರ್ಷಿಕೆ ಹೇಗೂ ಬರುತ್ತದೆ. ಅದನ್ನೇ ಚಿತ್ರದಲ್ಲೂ ಪೂರ್ತಿ ಬರೆದರೆ ಒಂದೇ ಮಾತು ಎರಡು ಸಲ ಹೇಳಿದಂತೆ, ಅಲ್ವಾ? ಆದರೆ ಏನೂ ಬರೆಯದೇ ಬಿಡುವುದೂ ಅಪಾಯ. ಎಕ್ಸ್ 2023ರ ಅಕ್ಟೋಬರ್‌ನಲ್ಲಿ ಲಿಂಕ್ ಕಾರ್ಡ್‌ಗಳಿಂದ ಶೀರ್ಷಿಕೆಯನ್ನೇ ತೆಗೆದುಹಾಕಿತ್ತು. ಚಿತ್ರದ ಮೇಲೆ ಸಣ್ಣಗೆ ತಾಣದ ಹೆಸರಷ್ಟೇ ಉಳಿದಿತ್ತು. ಆಗ ಬರೀ ಅಲಂಕಾರದ ಚಿತ್ರ ಹಾಕಿದ್ದವರ ಲಿಂಕ್ ಯಾವುದರ ಬಗ್ಗೆ ಎಂದೇ ತಿಳಿಯದಂತಾಯಿತು. ವಿಷಯ ಹೇಳುವ ಮೂರು ನಾಲ್ಕು ಪದ ಚಿತ್ರದಲ್ಲಿರಲಿ. ಅದಕ್ಕಿಂತ ಹೆಚ್ಚು ಬೇಡ.

ಕನ್ನಡ ಬರೆಯುವಾಗ ಇನ್ನೂ ಒಂದೆರಡು ತೊಡಕು ಇವೆ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಸಾಲುಗಳ ನಡುವಿನ ಜಾಗ ಇಂಗ್ಲಿಷಿಗೆ ಸಾಕಾಗುವಷ್ಟೇ ಇದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ಕೂತುಬಿಡುತ್ತದೆ. ಅಕ್ಷರದ ಅಳತೆಯ ಒಂದೂವರೆಯಷ್ಟು ಸಾಲಿನ ಎತ್ತರ ಕೊಟ್ಟು ನೋಡಿ. ಒತ್ತು ಅಕ್ಷರಕ್ಕಿಂತ ಚಿಕ್ಕದು, ಕುಗ್ಗಿದಾಗ ಮೊದಲು ಕಳೆದುಹೋಗುವುದು ಅದೇ. ಹಾಗಾಗಿ ತೀರಾ ತೆಳು ಫಾಂಟ್ ಬೇಡ, ಒಳಗಿನ ಜಾಗ ಮುಚ್ಚಿಹೋಗುವಷ್ಟು ದಪ್ಪವೂ ಬೇಡ. ನೋಟೋ ಸಾನ್ಸ್ ಕನ್ನಡ, ಅನೆಕ್ ಕನ್ನಡ ಮುಂತಾದ ಫಾಂಟ್‌ಗಳಲ್ಲಿ ದಪ್ಪದ ಹಲವು ಮಟ್ಟಗಳಿವೆ. ನಡುವಿನದನ್ನು ಆರಿಸಿಕೊಳ್ಳಿ.

ಒತ್ತಕ್ಷರ ಒಡೆದು, ‘ಕ್ಷ’ ಇರಬೇಕಾದ ಕಡೆ ‘ಕ್‌ಷ’ ಎಂದು ಬಂದರೆ ಸಾಫ್ಟ್‌ವೇರ್‌ಗೆ ಭಾರತೀಯ ಲಿಪಿ ಜೋಡಿಸಲು ಬರುತ್ತಿಲ್ಲ ಎಂದರ್ಥ. ಫೋಟೋಶಾಪ್‌ನ ಕೆಲವು ಆವೃತ್ತಿಗಳಲ್ಲಿ ಅಕ್ಷರದ ಸೆಟ್ಟಿಂಗ್‌ಗೆ ಹೋಗಿ ದಕ್ಷಿಣ ಏಷ್ಯಾ ಲಿಪಿಗಳ ಆಯ್ಕೆಯನ್ನು ನಾವೇ ಆನ್ ಮಾಡಬೇಕು. ಅಕ್ಷರಗಳ ಬದಲು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು ಬಂದರೆ, ಆ ಬರಹ ಯೂನಿಕೋಡ್‌ಗೆ ಮುಂಚಿನ ಹಳೆಯ ಪದ್ಧತಿಯಲ್ಲಿ ಟೈಪ್ ಆಗಿದೆ. ಪರಿವರ್ತಿಸಿ ಅಂಟಿಸಿ. ಇನ್ನು ಎಐ ಸಾಧನಗಳಿಂದ ಚಿತ್ರ ಮಾಡಿಸುವವರು ಕನ್ನಡ ಅಕ್ಷರವನ್ನೂ ಅದರಿಂದಲೇ ಬರೆಸಬೇಡಿ. ದೂರಕ್ಕೆ ಕನ್ನಡದಂತೆ ಕಾಣುವ ತಪ್ಪು ಅಕ್ಷರಗಳು ಬರುವುದುಂಟು. ನಮ್ಮ ಭಾಷೆಯನ್ನು ಹಾಗೆ ಹಂಚುವುದು ಸರಿಯಲ್ಲ. ಚಿತ್ರ ಮಾಡಿಸಿಕೊಂಡು ಅಕ್ಷರವನ್ನು ನೀವೇ ಕೂರಿಸಿ.

ಫೋಟೋ ಮೇಲೆ ಬರೆದದ್ದು ಕಾಣದಿದ್ದರೆ ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ವ್ಯತ್ಯಾಸದ ಅನುಪಾತ (ಕಾಂಟ್ರಾಸ್ಟ್) ಅಳೆಯಿರಿ. ಇದಕ್ಕೆ ಉಚಿತ ಸಾಧನಗಳು ಬೇಕಾದಷ್ಟಿವೆ. ಅಂತರ್ಜಾಲದ ಸುಗಮ ಬಳಕೆಯ ಮಾನದಂಡ ಸಾಮಾನ್ಯ ಅಕ್ಷರಕ್ಕೆ ಕನಿಷ್ಠ 4.5:1, ದೊಡ್ಡ ಅಕ್ಷರಕ್ಕೆ 3:1 ಕೇಳುತ್ತದೆ. ಅಕ್ಷರಕ್ಕೆ ನೆರಳು ಹಾಕಿ ಹೆಣಗುವ ಬದಲು ಅದರ ಹಿಂದೆ ಒಂದು ಗಾಢ ಪಟ್ಟಿ ಇಟ್ಟರೆ ಕೆಲಸ ಆಗುತ್ತದೆ.

ಬಣ್ಣ ಬೇರೆಯಾಗಿ ಕಾಣುತ್ತಿದೆ

ಮುದ್ರಣದ ಬಣ್ಣ ಪದ್ಧತಿಯಾದ ಸಿಎಂವೈಕೆಯಲ್ಲಿ ಮಾಡಿದ ಫೈಲನ್ನೇ ಏರಿಸಿರಬಹುದು. ಇಲ್ಲವೇ ಹೊಸ ಫೋನಿನ ವಿಶಾಲ ಬಣ್ಣದ ಫೋಟೋದಿಂದ ಬಣ್ಣದ ಪ್ರೊಫೈಲ್ (ಬಣ್ಣಗಳನ್ನು ಹೇಗೆ ತೋರಿಸಬೇಕು ಎಂಬ ಮಾಹಿತಿ) ಕಳಚಿಹೋಗಿರಬಹುದು. ಮೂಲ ಫೈಲನ್ನು, ಪರದೆಗಳಿಗೆ ಹೊಂದುವ ಎಸ್‌ಆರ್‌ಜಿಬಿ ಬಣ್ಣ ಪದ್ಧತಿಗೆ ಬದಲಿಸಿ ಉಳಿಸಿದರೆ ಎರಡೂ ಸರಿಹೋಗುತ್ತವೆ. ಹಿನ್ನೆಲೆ ಇಲ್ಲದ ಪಿಎನ್‌ಜಿಯಲ್ಲಿ ಕಪ್ಪು ಲೋಗೋ ಇಟ್ಟಿದ್ದರೆ ಡಾರ್ಕ್ ಮೋಡ್‌ನಲ್ಲಿ ಅದು ಕಾಣುವುದಿಲ್ಲ. ಪ್ರಿವ್ಯೂ ಚಿತ್ರಕ್ಕೆ ಯಾವಾಗಲೂ ಹಿನ್ನೆಲೆ ಬಣ್ಣ ತುಂಬಿ.

ಎಲ್ಲ ಸರಿ ಇದೆ, ಆದರೆ ಯಾರದ್ದು ಎಂದು ಗೊತ್ತಾಗುತ್ತಿಲ್ಲ

ಈ ದೋಷವನ್ನು ಯಾವ ಡಿಬಗರ್ ಕೂಡ ಹಿಡಿಯುವುದಿಲ್ಲ. ನಿಮ್ಮ ಇತ್ತೀಚಿನ ಏಳೆಂಟು ಚಿತ್ರಗಳನ್ನು ಒಂದೇ ಪರದೆಯಲ್ಲಿ ಜೋಡಿಸಿ. ಹೆಸರು, ಲೋಗೋಗಳನ್ನು ಮುಚ್ಚಿ. ನಡುವೆ ಬೇರೆಯವರ ಎರಡು ಚಿತ್ರ ಸೇರಿಸಿ. ಈಗ ನಿಮ್ಮ ಬರಹ ಓದುವ ಯಾರನ್ನಾದರೂ ಕರೆದು, ‘ಇದರಲ್ಲಿ ನಮ್ಮದಲ್ಲದ್ದು ಯಾವುದು?’ ಎಂದು ಕೇಳಿ. ಅವರು ತಡಕಾಡಿದರೆ ನಿಮ್ಮ ಚಿತ್ರಗಳಿಗೆ ಗುರುತು ಇಲ್ಲ ಎಂದೇ ಅರ್ಥ.

ಲೋಗೋ ದೊಡ್ಡದು ಮಾಡುವುದರಿಂದ ಇದು ಸರಿಹೋಗುವುದಿಲ್ಲ. ಮನೆಯವರ ಹೆಜ್ಜೆ ಸದ್ದು ಕೇಳಿದರೇ ಯಾರು ಬಂದರು ಎಂದು ತಿಳಿಯುವ ಹಾಗೆ, ಗುರುತು ಕೂರುವುದು ಒಂದೇ ಸಂಗತಿ ಮತ್ತೆ ಮತ್ತೆ ಬರುವುದರಿಂದ. ಎರಡು ಮೂರು ವಿಷಯ ಆರಿಸಿಕೊಂಡು ಅದಕ್ಕೆ ಕಟ್ಟುಬೀಳಿ. ಒಂದು ಮುಖ್ಯ ಬಣ್ಣ, ಅದನ್ನು ಕಂಪ್ಯೂಟರ್‌ಗೆ ಹೇಳುವ ನಿಖರ ಹೆಕ್ಸ್ ಸಂಖ್ಯೆ ಬರೆದಿಟ್ಟುಕೊಳ್ಳಿ. ಕಣ್ಣಳತೆಯಲ್ಲಿ ‘ಅದೇ ನೀಲಿ’ ಎಂದು ಹಾಕುತ್ತಾ ಹೋದರೆ ಕೆಲವೇ ತಿಂಗಳಲ್ಲಿ ಬಗೆಬಗೆಯ ನೀಲಿ ಸೇರಿಕೊಳ್ಳುತ್ತದೆ. ಒಂದು ಫಾಂಟ್. ಅಕ್ಷರ ಯಾವಾಗಲೂ ಒಂದೇ ಜಾಗದಲ್ಲಿ. ಇಷ್ಟು ಸಾಕು.

ಚಿತ್ರಗಳ ಮೂಲವನ್ನೂ ನೋಡಬೇಕು. ಉಚಿತ ಸ್ಟಾಕ್ ತಾಣದಲ್ಲಿ ಮೊದಲ ಸಾಲಿನಲ್ಲೇ ಸಿಗುವ ಫೋಟೋವನ್ನು ಬೇರೆಯವರೂ ತೆಗೆದುಕೊಂಡಿರುತ್ತಾರೆ. ಚಿತ್ರ ಕೊಟ್ಟು ಅದು ಬೇರೆಲ್ಲಿದೆ ಎಂದು ಹುಡುಕುವ ಗೂಗಲ್ ಲೆನ್ಸ್ ಅಥವಾ ಟಿನ್‌ಐಗೆ ಆ ಫೋಟೋ ಹಾಕಿ ನೋಡಿ. ಪುಟಗಟ್ಟಲೆ ಫಲಿತಾಂಶ ಬಂದರೆ, ಆ ಚಿತ್ರ ಎಂದಿಗೂ ನಿಮ್ಮದಾಗುವುದಿಲ್ಲ. ಲೇಖನದ ಒಳಗಿನಿಂದಲೇ ಚಿತ್ರ ಹೊರಡಲಿ. ನೀವು ವಿವರಿಸಿದ ಒಂದು ಹಂತದ ಸರಳ ಗೆರೆಚಿತ್ರ, ಹೇಳಹೊರಟ ವಸ್ತುವನ್ನು ಹತ್ತಿರದಿಂದ ತೆಗೆದ ಫೋಟೋ, ತಿದ್ದುವ ಮೊದಲು ಮತ್ತು ತಿದ್ದಿದ ಮೇಲಿನ ಸ್ಥಿತಿ ಅಕ್ಕಪಕ್ಕದಲ್ಲಿ. ಫೋನಿನಲ್ಲಿ ತೆಗೆದ ಸಾದಾ ಫೋಟೋ ಕೂಡ, ಅದು ನಿಜವಾಗಿ ವಿಷಯಕ್ಕೆ ಸೇರಿದ್ದರೆ, ಹೊಳೆಯುವ ಸ್ಟಾಕ್ ಫೋಟೋಗಿಂತ ಎಷ್ಟೋ ಪಾಲು ಮೇಲು. ಹಂಚುವವರು ಹಂಚುವುದೂ ಅಂಥದ್ದನ್ನೇ, ಅದರಲ್ಲಿ ಇನ್ನೊಬ್ಬರಿಗೆ ತೋರಿಸುವಂಥದ್ದು ಏನೋ ಇರುತ್ತದೆ.

ಇದರ ಎದುರು ದೋಷವೂ ಇದೆ. ಟೆಂಪ್ಲೇಟ್ ಒಂದನ್ನು ಮಾಡಿಕೊಂಡು ಬರೀ ಶೀರ್ಷಿಕೆ ಬದಲಿಸುತ್ತಾ ಹೋದರೆ ಎಲ್ಲ ಚಿತ್ರಗಳೂ ಒಂದೇ ಆಗಿಬಿಡುತ್ತವೆ. ಹೊಸ ಲೇಖನ ಬಂದಾಗ ಓದುಗರು ‘ಇದು ಓದಿಯಾಗಿದೆ’ ಎಂದುಕೊಂಡು ಮುಂದೆ ಹೋಗುತ್ತಾರೆ. ಲಿಂಕ್ ಒತ್ತುವವರ ಸಂಖ್ಯೆ ನಿಧಾನಕ್ಕೆ ಇಳಿಯುತ್ತಿದ್ದರೆ ಇದನ್ನು ಅನುಮಾನಿಸಿ. ಚೌಕಟ್ಟು ಅದೇ ಇರಲಿ, ನಡುವಿನ ಚಿತ್ರ ಪ್ರತಿ ಸಲ ಬೇರೆಯಾಗಲಿ.

ಚಿತ್ರ ಲಿಂಕ್ ಬಿಟ್ಟು ಒಂಟಿಯಾಗಿ ತಿರುಗುತ್ತಿದೆ

ಒಳ್ಳೆಯ ಚಿತ್ರಕ್ಕೆ ಇದು ಆಗಿಯೇ ಆಗುತ್ತದೆ. ಸ್ಕ್ರೀನ್‌ಶಾಟ್ ತೆಗೆಯುತ್ತಾರೆ, ಫಾರ್ವರ್ಡ್ ಮಾಡುತ್ತಾರೆ, ಲಿಂಕ್ ಅಲ್ಲೇ ಉಳಿಯುತ್ತದೆ. ಫೈಲ್‌ನೊಳಗೆ ಕಾಣದಂತೆ ಸೇರಿರುವ ಮಾಹಿತಿಯಲ್ಲಿ, ಅಂದರೆ ಮೆಟಾಡೇಟಾದಲ್ಲಿ, ಹೆಸರು ಬರೆದಿದ್ದೇನಲ್ಲ ಎಂದು ನಂಬಬೇಡಿ. ಹೆಚ್ಚಿನ ಆ್ಯಪ್‌ಗಳು ಅದನ್ನು ಅಳಿಸಿಹಾಕುತ್ತವೆ, ಸ್ಕ್ರೀನ್‌ಶಾಟ್‌ನಲ್ಲಂತೂ ಅದು ಬರುವುದೇ ಇಲ್ಲ. ಹೆಸರು ಚಿತ್ರದ ಒಳಗೇ ಇರಬೇಕು. ಮೂಲೆಯಲ್ಲಿ ಇಟ್ಟರೆ ಕತ್ತರಿಸುವುದು ಸುಲಭ, ನಡುವೆ ಅಡ್ಡಲಾಗಿ ದೊಡ್ಡ ವಾಟರ್‌ಮಾರ್ಕ್ ಎಳೆದರೆ ಯಾರೂ ಹಂಚುವುದಿಲ್ಲ. ಮುಖ್ಯ ಅಕ್ಷರದ ಕೆಳಗೇ, ಅದಕ್ಕೆ ಅಂಟಿಕೊಂಡ ಹಾಗೆ, ಸಣ್ಣಗೆ ಆದರೆ ಓದಲು ಬರುವಂತೆ ಹಾಕಿ. ಬರೀ ಚಿಹ್ನೆ ಸಾಲದು. ಹುಡುಕಿದರೆ ಸಿಗುವಂಥ ಹೆಸರು ಇರಲಿ.

ಪರ್ಯಾಯ ಪಠ್ಯವನ್ನೂ ಬರೆಯಿರಿ. ಅದನ್ನು ಆಲ್ಟ್ ಟೆಕ್ಸ್ಟ್ ಎನ್ನುತ್ತಾರೆ. ಸ್ಕ್ರೀನ್ ರೀಡರ್ ಬಳಸುವ ಓದುಗರಿಗೆ ನಿಮ್ಮ ಚಿತ್ರ ತಲುಪುವುದು ಆ ಮಾತುಗಳ ಮೂಲಕವೇ. ಕೀವರ್ಡ್ ತುಂಬುವ ಜಾಗ ಅದಲ್ಲ. ಚಿತ್ರದಲ್ಲಿ ಏನಿದೆ ಎಂದು ಪಕ್ಕದಲ್ಲಿ ಕೂತವರಿಗೆ ಹೇಳುವಂತೆ ಒಂದು ವಾಕ್ಯ ಬರೆದರೆ ಆಯಿತು. ಕಾರ್ಡ್‌ಗೂ ‘ಓಜಿ:ಇಮೇಜ್:ಆಲ್ಟ್’ (og:image:alt) ಎಂಬ ಟ್ಯಾಗ್ ಇದೆ, ಅದೇ ವಾಕ್ಯವನ್ನು ಅಲ್ಲೂ ಹಾಕಿ.

ಹಳೆಯ ಲೇಖನಗಳ ಚಿತ್ರಗಳನ್ನೆಲ್ಲ ಈಗ ಬದಲಿಸಬೇಕೇ ಎಂದರೆ, ಬೇಡ. ಭೇಟಿಗಳ ಲೆಕ್ಕ ತೆರೆದು, ಈಗಲೂ ವಾಟ್ಸ್‌ಆ್ಯಪ್, ಫೇಸ್‌ಬುಕ್‌ಗಳಿಂದ ಜನ ಬರುತ್ತಿರುವ ಲೇಖನಗಳು ಯಾವುವು ನೋಡಿ. ಅವನ್ನು ಮಾತ್ರ ಮೊದಲು ತಿದ್ದಿ. ಉಳಿದವಕ್ಕೆ, ತಮ್ಮದೇ ಚಿತ್ರ ಇಲ್ಲದಿದ್ದಾಗ ತೋರಿಸಲೆಂದು, ನಿಮ್ಮ ಬಣ್ಣ ಮತ್ತು ಹೆಸರು ಇರುವ ಒಂದು 1200×630 ಚಿತ್ರವನ್ನು ಸೆಟ್ಟಿಂಗ್‌ನಲ್ಲಿ ಡೀಫಾಲ್ಟ್ ಆಗಿ ಕೂರಿಸಿಬಿಡಿ.